ಕಾರಿಗೆ ಹ್ಯಾಮ್ ರೇಡಿಯೋ ಹಾಕುವವರೇ, ನನ್ನ ಸುಟ್ಟ ವಯರಿನ ಕಥೆ ಕೇಳಿ

ಹ್ಯಾಮ್ ರೇಡಿಯೋ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಮಾತಾಡುವ ವಯರ್‌ಲೆಸ್ ಸೆಟ್. ಅದನ್ನು ಕಾರಿಗೆ ಹಾಕಿಕೊಂಡು ಕಾಸರಗೋಡಿನ ಪೆರ್ಲದಿಂದ ಬದಿಯಡ್ಕ ಕಡೆಗೆ ಬರುತ್ತಿದ್ದೆ. ಆಟಿ ತಿಂಗಳ ಮಳೆ. ವೈಪರ್ ಜೋರಿಗೆ ಇಟ್ಟರೂ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಕಾರಿನೊಳಗೆ ಮೊದಲು ಒಂದು ವಾಸನೆ ಬಂತು. ಪ್ಲಾಸ್ಟಿಕ್ ಚೀಲ ಒಲೆಗೆ ಬಿದ್ದರೆ ಬರುತ್ತದಲ್ಲ, ಅದೇ. ಯಾರೋ ತೋಟದ ಬದಿಯಲ್ಲಿ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಆ ಮಳೆಯಲ್ಲಿ ಯಾರು ಕಸ ಸುಡುತ್ತಾರೆ ಮಾರಾಯ್ರೇ! ಅದು ತಲೆಗೆ ಹೊಳೆಯುವಷ್ಟರಲ್ಲಿ ಸ್ಟಿಯರಿಂಗ್ ಕೆಳಗಿನಿಂದ ಬಿಳಿ ಹೊಗೆ ಏಳುತ್ತಿತ್ತು.

ಕಾರು ಬದಿಗೆ ತಂದು, ಆಫ್ ಮಾಡಿ, ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ರೇಡಿಯೋಗೆ ನಾನೇ ಎಳೆದಿದ್ದ ಕೆಂಪು ವಯರಿನ ಪ್ಲಾಸ್ಟಿಕ್ ಮೇಣದ ಹಾಗೆ ಕರಗಿ ತೊಟ್ಟಿಕ್ಕುತ್ತಿತ್ತು. ಒಳಗಿನ ತಾಮ್ರ ಅಲ್ಲಲ್ಲಿ ಹೊರಗೆ ಬಂದಿತ್ತು. ಬ್ಯಾಟರಿ ಟರ್ಮಿನಲ್ ಬಿಚ್ಚಲು 10ರ ಸ್ಪಾನರ್ ಬೇಕು. ಅದು ಮನೆಯಲ್ಲಿ, ಪಂಪ್ ಶೆಡ್ಡಿನ ಕಿಟಕಿಯಲ್ಲಿ ಕೂತಿತ್ತು. ನನ್ನನ್ನು ಉಳಿಸಿದ್ದು ನನ್ನದೇ ಸೋಮಾರಿತನ. ವಯರಿನ ತುದಿಗೆ ಲಗ್ (ತೂತಿರುವ ಲೋಹದ ತುಂಡು) ಒತ್ತಿ ನಟ್ಟು ಬಿಗಿಯುವ ಬದಲು, ಸದ್ಯಕ್ಕೆ ಇರಲಿ ಅಂತ ಮೊಸಳೆ ಕ್ಲಿಪ್ ಕಚ್ಚಿಸಿದ್ದೆ. ಬೈರಾಸನ್ನು ಕೈಗೆ ಸುತ್ತಿ ಆ ಕ್ಲಿಪ್ಪನ್ನು ಕಿತ್ತೆಸೆದೆ. ಹೊಗೆ ನಿಂತಿತು. ಬೈರಾಸಿಗೆ ಎರಡು ತೂತು, ಹೆಬ್ಬೆರಳಿಗೆ ಒಂದು ಬೊಕ್ಕೆ. ಅಷ್ಟರಲ್ಲೇ ಮುಗಿಯಿತು.

ಮಜಾ ಏನೆಂದರೆ ರೇಡಿಯೋಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಫ್ಯೂಸ್ ಕೂಡ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಕರೆಂಟು ಅಲ್ಲಿವರೆಗೆ ಬಂದೇ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಹ್ಯಾಮ್ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಬಂದು, ಕೈಯಲ್ಲಿ ಹಿಡಿಯುವ 5 ವಾಟ್ಸಿನ ಸೆಟ್ಟಿನಲ್ಲಿ ಎರಡು ವರ್ಷ ಕಳೆದಿದ್ದೆ. 2018ರ ಪ್ರವಾಹದಲ್ಲಿ ಕೇರಳದ ಹ್ಯಾಮ್‌ಗಳು ಮಾಡಿದ ಕೆಲಸ ಕೇಳಿದ ಮೇಲೆ ಕಾರಿನಲ್ಲೂ ಒಂದು ಸೆಟ್ ಇರಬೇಕು ಅಂತ ಆಸೆ ಹತ್ತಿತ್ತು. ನಮ್ಮ ಕಡೆ ಹೇಗೆ ಅಂತ ನಿಮಗೆ ಗೊತ್ತೇ ಉಂಟು. ಎರಡು ಗುಡ್ಡದ ನಡುವೆ ಇಳಿದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಮಲಗುತ್ತದೆ. ಆನ್‌ಲೈನಿನಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಸೆಟ್ ಕಂಡಿತು. ಎರಡು ಬ್ಯಾಂಡ್ (ಅಂದರೆ ಫ್ರೀಕ್ವೆನ್ಸಿಯ ಎರಡು ಪಟ್ಟಿ), 25 ವಾಟ್ಸ್, ಬಣ್ಣದ ಪರದೆ. ಜೊತೆಗೆ ಆಂಟೆನಾ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪ್ಲಗ್, ಕಂಪ್ಯೂಟರಿಗೆ ಜೋಡಿಸುವ ಕೇಬಲ್, ಎಲ್ಲವೂ ಅದೇ ರೇಟಿಗೆ. ಮದುವೆ ಊಟದ ಹಾಗೆ ಎಲೆ ತುಂಬ ಬಡಿಸಿದ್ದರು. ತಿಂದ ಮೇಲೆ ಗೊತ್ತಾಯಿತು.

ಈಗ ಯೋಚಿಸಿದರೆ, ಅಗ್ಗದ ಸೆಟ್ ಕೊಂಡದ್ದು ನನ್ನ ತಪ್ಪಾಗಿರಲಿಲ್ಲ. ಇದ್ದ ದುಡ್ಡನ್ನೆಲ್ಲ ಪೆಟ್ಟಿಗೆಗೆ ಸುರಿದು ವಯರು, ಫ್ಯೂಸು, ಆಂಟೆನಾಗೆ ಚಿಲ್ಲರೆಯನ್ನೂ ಇಡಲಿಲ್ಲವಲ್ಲ, ಅದು ತಪ್ಪು.

ಮೊದಲ ದಿನ ಲೈಟರ್ ಸಾಕೆಟ್ಟಿಗೆ ಚುಚ್ಚಿದೆ. ಕೇಳಿಸುವುದು ಚೆನ್ನಾಗಿ ಕೇಳಿಸಿತು. ಮೈಕಿನ ಬಟನ್ ಒತ್ತಿ ಮಾತಾಡಿದರೆ ಪರದೆ ಒಮ್ಮೆ ಮಂಕಾಗಿ ಸೆಟ್ ಆಫ್ ಆಗಿ ಆನ್ ಆಗುತ್ತಿತ್ತು. ಪುನಃ ಒತ್ತಿದರೆ ಪುನಃ ಅದೇ. ಮೀಟರ್ ಹಿಡಿದು ನೋಡಿದೆ. ಸುಮ್ಮನಿದ್ದಾಗ 12.4 ವೋಲ್ಟ್, ಬಟನ್ ಒತ್ತಿದರೆ 10.8. ಇಂಥ ಸೆಟ್ಟುಗಳನ್ನು 13.8 ವೋಲ್ಟಿಗೆ ಮಾಡಿರುತ್ತಾರೆ. 25 ವಾಟ್ಸ್ ಹೊರಗೆ ಹೋಗಬೇಕಾದರೆ 5-6 ಆಂಪಿಯರ್ ಒಳಗೆ ಬರಬೇಕು. ಆ ಪ್ಲಗ್ಗಿನ ವಯರು ಫೋನ್ ಚಾರ್ಜರಿನಷ್ಟು ಸಪೂರ. ಐದು ನಿಮಿಷ ಮಾತಾಡಿ ಪ್ಲಗ್ ಮುಟ್ಟಿದರೆ ಬಿಸಿ. 50 ವಾಟ್ಸಿನ ಸೆಟ್ಟಾದರೆ 10 ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ, ಅದನ್ನಂತೂ ಈ ಸಾಕೆಟ್ಟಿಗೆ ತೋರಿಸಲೂ ಬೇಡಿ.

ಹಾಗಾಗಿ ಬ್ಯಾಟರಿಯಿಂದಲೇ ನೇರ ಎಳೆಯೋಣ ಅಂತ ಹೊರಟೆ. ಯೋಚನೆ ಸರಿಯೇ. ಆದರೆ ಮನೆಯಲ್ಲಿ ಹಳೆಯ ಸ್ಪೀಕರ್ ವಯರ್ ಬಿದ್ದಿತ್ತು, ಅದನ್ನೇ ಎಳೆದೆ. ಎಂಜಿನ್ನಿನ ಕಡೆಯಿಂದ ಒಳಗೆ ತರಲು ನಡುವಿನ ತಗಡಿನಲ್ಲಿ ಒಂದು ತೂತು ಕಂಡಿತು, ಅದರಲ್ಲೇ ತೂರಿಸಿದೆ. ತೂತಿನ ಅಂಚಿಗೆ ರಬ್ಬರ್ ಬಳೆ ಹಾಕಬೇಕು ಅಂತ ಗೊತ್ತಿತ್ತು. ಭಾನುವಾರ, ಅಂಗಡಿ ಮುಚ್ಚಿತ್ತು. ಟೇಪ್ ಸುತ್ತಿದೆ. ಫ್ಯೂಸ್ ಇದ್ದೇ ಇತ್ತಲ್ಲ, ಸೆಟ್ಟಿನ ಜೊತೆ ಬಂದ ವಯರಿನಲ್ಲಿ, ಸೆಟ್ಟಿನ ಹಿಂದೆ.

ತಪ್ಪಿದ್ದು ಅಲ್ಲೇ. ಫ್ಯೂಸ್ ಕಾಯುವುದು ತನ್ನಿಂದ ಮುಂದಿನ ವಯರನ್ನು. ಬ್ಯಾಟರಿಯಿಂದ ಫ್ಯೂಸಿನವರೆಗೆ ನನ್ನ ಕಾರಿನಲ್ಲಿ ಎರಡು ಮೀಟರ್ ವಯರ್ ಕಾವಲಿಲ್ಲದೆ ಮಲಗಿತ್ತು. ನಮ್ಮ ರಸ್ತೆಯ ಕುಲುಕಾಟಕ್ಕೆ ತಗಡಿನ ಅಂಚು ದಿನಾ ಸ್ವಲ್ಪ ಸ್ವಲ್ಪ ಟೇಪನ್ನು ಕೊಯ್ದಿತು, ಆಮೇಲೆ ಪ್ಲಾಸ್ಟಿಕ್ಕನ್ನು. ಆ ದಿನ ತಾಮ್ರ ತಗಡಿಗೆ ತಾಗಿತು. ಕಾರಿನ ಬಾಡಿ ಅಂದರೆ ಬ್ಯಾಟರಿಯ ನೆಗೆಟಿವ್. ಸ್ಟಾರ್ಟರ್ ಮೋಟಾರು ತಿರುಗಿಸುವ ಬ್ಯಾಟರಿ ಅದು, ನೂರಾರು ಆಂಪಿಯರ್ ಕೊಡುವ ತಾಕತ್ತು ಉಂಟು. ಸ್ಪೀಕರ್ ವಯರ್ ಅದರ ಮುಂದೆ ಯಾವ ಲೆಕ್ಕ?

ಈಗ 4 ಸ್ಕ್ವೇರ್ ಎಂಎಂ ವಯರ್ ಎಳೆದಿದ್ದೇನೆ. 25 ವಾಟ್ಸಿಗೆ 2.5 ಇದ್ದರೂ ನಡೆಯುತ್ತದೆ. ಒಳಗೆ ಸಣ್ಣ ಸಣ್ಣ ಎಳೆಗಳಿರುವ ವಾಹನದ ವಯರೇ ಆಗಬೇಕು, ಮನೆ ಗೋಡೆಯೊಳಗೆ ಹಾಕುವ ಗಟ್ಟಿ ತಂತಿ ಬೇಡ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ, 10 ಆಂಪಿಯರಿನದು. ತೂತಿಗೆ ರಬ್ಬರ್ ಬಳೆ, ವಯರಿಗೆ ಮೇಲಿನಿಂದ ಸುರುಳಿ ಪೈಪು. ಇಷ್ಟಕ್ಕೆ ಆದ ಖರ್ಚು ಆ ಸೆಟ್ಟಿನ ಬೆಲೆಯ ಹತ್ತನೇ ಒಂದು ಪಾಲೂ ಇಲ್ಲ. ಹೇಳಲು ನಾಚಿಕೆ ಆಗುತ್ತದೆ.

ಇಷ್ಟು ಮಾಡಿದ ಮೇಲೆ ಎಲ್ಲ ಸರಿಯಾಯಿತು ಅಂದುಕೊಂಡೆ. ಆಂಟೆನಾ ಬಾಕಿ ಇತ್ತು.

ಜೊತೆಗೆ ಬಂದದ್ದು ಕಾರಿನ ಮಾಡಿಗೆ ಅಂಟಿಸುವ ಮ್ಯಾಗ್ನೆಟ್ ಆಂಟೆನಾ. ಪೊಸಡಿ ಗುಂಪೆ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಅದರಲ್ಲಿ ಕೂಗಿದೆ, ಕೂಗಿದೆ, ಉತ್ತರವೇ ಇಲ್ಲ. ಹಳೆಯ ಕೈಸೆಟ್ ಹಿಡಿದು ಗುಂಪೆ ಹತ್ತಿ 5 ವಾಟ್ಸಿನಲ್ಲಿ ಕರೆದರೆ ತಕ್ಷಣ ಮೂರು ಜನ ಸಿಕ್ಕಿದರು. ಎತ್ತರದ ಮಹಿಮೆ ಅದು. ಈ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಆದರೂ ಇಷ್ಟು ವ್ಯತ್ಯಾಸ ಯಾಕೆ ಅಂತ ಅನುಮಾನ ಬಂತು. ಇನ್ನೊಬ್ಬ ಹ್ಯಾಮ್ ಮಿತ್ರರು ಎಸ್‌ಡಬ್ಲ್ಯೂಆರ್ ಮೀಟರ್ ತಂದರು, ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅಂತ ತೋರಿಸುವುದು ಅದು. ಮುಳ್ಳು 3 ದಾಟಿ ನಿಂತಿತು. 1.5ರ ಒಳಗೆ ಇದ್ದರೆ ನೆಮ್ಮದಿ. 3 ಅಂದರೆ ಕಳಿಸಿದ ಶಕ್ತಿಯ ಕಾಲು ಭಾಗ ವಾಪಸ್ ಸೆಟ್ಟಿನ ಕಡೆಗೇ ಬರುತ್ತದೆ.

ಟೇಪ್ ಹಿಡಿದು ಆಂಟೆನಾದ ಕಡ್ಡಿ ಅಳೆದೆವು. 43 ಸೆಂಟಿಮೀಟರ್. ನಮ್ಮ ಹ್ಯಾಮ್‌ಗಳ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಅಲೆಯ ಉದ್ದದ ಕಾಲು ಭಾಗ ಇರುವ ಕಡ್ಡಿಗೆ ಲೆಕ್ಕ ಸುಲಭ: 7125ನ್ನು ಮೆಗಾಹರ್ಟ್ಸಿನಿಂದ ಭಾಗಿಸಿ, ಉತ್ತರ ಸೆಂಟಿಮೀಟರಿನಲ್ಲಿ. 145ಕ್ಕೆ 49 ಬರುತ್ತದೆ. 43 ಅಂದರೆ 165 ಮೆಗಾಹರ್ಟ್ಸಿನ ಕಡ್ಡಿ, ಯಾವುದೋ ಟ್ಯಾಕ್ಸಿ ಕಂಪನಿಗೆ ಮಾಡಿದ್ದಿರಬೇಕು. ಉದ್ದ ಇದ್ದಿದ್ದರೆ ಕತ್ತರಿಸಬಹುದಿತ್ತು. ಗಿಡ್ಡವನ್ನು ಏನು ಮಾಡುವುದು?

ಅದರ ಕೇಬಲ್ಲನ್ನು ಬಾಗಿಲಿನ ಸಂದಿಯಲ್ಲಿ ತಂದಿದ್ದೆ. ದಿನಾ ಬಾಗಿಲು ಹಾಕಿ ಹಾಕಿ ಒಂದು ಕಡೆ ಅಪ್ಪಚ್ಚಿ ಆಗಿತ್ತು. ಮಳೆ ನೀರು ಆ ಕೇಬಲ್ ಹಿಡಿದುಕೊಂಡೇ ಒಳಗೆ ಇಳಿದು ಸೀಟಿನಡಿ ಕೆರೆ ಮಾಡಿತ್ತು. ಕೇಬಲ್ ಒಳಗೆ ಬರುವ ಮೊದಲು ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲೆ ತಂದರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮನೆಯ ಕರೆಂಟಿನ ವಯರಿಗೆ ಹಾಗೇ ಬಿಟ್ಟಿರುತ್ತಾರೆ, ದಿನಾ ನೋಡುತ್ತೇವೆ, ಹೊಳೆಯಲಿಲ್ಲ. ಮ್ಯಾಗ್ನೆಟ್ ತೆಗೆದು ನೋಡಿದರೆ ಅಡಿಯಲ್ಲಿ ಮುರಕಲ್ಲಿನ ಕೆಂಪು ಧೂಳು, ಪೇಂಟಿನ ಮೇಲೆ ಗುಂಡಗೆ ಗೀರು. ವಾರಕ್ಕೊಮ್ಮೆ ಎತ್ತಿ ಒರೆಸದಿದ್ದರೆ ಅದು ಮರಳು ಕಾಗದದ ಕೆಲಸ ಮಾಡುತ್ತದೆ.

ಅಷ್ಟರಲ್ಲಿ ಸೆಟ್ಟಿನ ಕಥೆ ಮುಗಿಯುತ್ತಾ ಬಂದಿತ್ತು. ತಿಂಗಳುಗಟ್ಟಲೆ ಆ ಆಂಟೆನಾದಲ್ಲಿ ಮಾತಾಡಿದ್ದೆ. ಹಿಂದಿನ ಲೋಹದ ರೆಕ್ಕೆಗಳ ಮೇಲೆ ಕೈ ಇಡಲು ಆಗದಷ್ಟು ಬಿಸಿ. ಹೊಸ ಆಂಟೆನಾ ಹಾಕಿ ವಾಟ್ ಮೀಟರಿನಲ್ಲಿ ನೋಡಿದರೆ 3 ವಾಟ್ಸ್. ಸಿಗ್ನಲ್ಲಿಗೆ ಬಲ ಕೊಡುವ ಕೊನೆಯ ಟ್ರಾನ್ಸಿಸ್ಟರ್ ಹೋಗಿತ್ತು. ಮಾರಿದವರಿಗೆ ಬರೆದೆ. ವಯರ್ ಕತ್ತರಿಸಿದ್ದೀರಿ, ವಾರಂಟಿ ಇಲ್ಲ ಅಂದರು. ಜೊತೆಗೆ ಕೊಟ್ಟ ಆಂಟೆನಾ 165ರದ್ದು ಅಂದದ್ದಕ್ಕೆ ಉತ್ತರವೇ ಬರಲಿಲ್ಲ.

50 ವಾಟ್ಸಿನದ್ದು ತೆಗೆದುಕೊಳ್ಳಬಹುದಿತ್ತಲ್ಲ ಅಂತ ಕೆಲವರು ಕೇಳಿದರು. 25ರಿಂದ 50ಕ್ಕೆ ಹೋದರೆ ಕೇಳುವವನ ಸಿಗ್ನಲ್ ಮೀಟರಿನಲ್ಲಿ ಅರ್ಧ ಗೆರೆ ಮೇಲೆ ಹೋಗುತ್ತದೆ, ಅಷ್ಟೇ. ಆ ದುಡ್ಡಿಗೆ ಒಳ್ಳೆಯ ಆಂಟೆನಾ ತಂದು ಮಾಡಿನ ನಟ್ಟನಡುವೆ ಇಡಿ. ಸುತ್ತಲೂ ತಗಡು ಇದ್ದಷ್ಟು ಒಳ್ಳೆಯದು. ಅಗ್ಗದ ಸೆಟ್ಟುಗಳ ಇನ್ನೊಂದು ರೋಗ ಕಿವಿಯದ್ದು. ಮಂಗಳೂರಿಗೆ ಹೋಗಿ ಕದ್ರಿ ಗುಡ್ಡದ ಟವರುಗಳ ಹತ್ತಿರ ಬಂದರೆ ನನ್ನದು ಪೂರ್ತಿ ಕಿವುಡಾಗುತ್ತಿತ್ತು. ಜೋರಾದ ಸಿಗ್ನಲ್ ಪಕ್ಕದಲ್ಲಿದ್ದರೆ ಸಣ್ಣದನ್ನು ಕೇಳುವ ಶಕ್ತಿ ಇವಕ್ಕೆ ಇಲ್ಲ. ಊರಲ್ಲೇ ಇರುವವರಿಗೆ ಇದು ದೊಡ್ಡ ತೊಂದರೆ ಅಲ್ಲ ಬಿಡಿ. ಕಂಪ್ಯೂಟರ್ ಕೇಬಲ್ಲಿನಲ್ಲಿ ನಕಲಿ ಚಿಪ್ ಇತ್ತು, ಅದು ಒಂದು ದಿನವೂ ಕೆಲಸ ಮಾಡಲಿಲ್ಲ.

ಒಂದು ವಿಷಯ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಸೆಟ್ ಬಂದಾಗ ಅದರೊಳಗೆ ಯಾರೋ ತುಂಬಿಸಿದ ಚಾನೆಲ್‌ಗಳಿದ್ದವು, ಹೆಚ್ಚಿನವು ನಮ್ಮ ಬ್ಯಾಂಡಿನ ಹೊರಗೆ. ಸೆಟ್ 136ರಿಂದ 174ರವರೆಗೆ ಎಲ್ಲಿ ಒತ್ತಿದರೂ ಮಾತಾಡುತ್ತದೆ, ಬೇಲಿಯೇ ಇಲ್ಲ. ಒಂದು ದಿನ ಕುಂಬಳೆ ಪೇಟೆಯಲ್ಲಿ ಕಾರು ನಿಲ್ಲಿಸಿ ಮೀನು ತರಲು ಇಳಿದಿದ್ದೆ. ಒಳಗಿದ್ದ ಅಕ್ಕನ ಮಗ ಮೈಕ್ ಹಿಡಿದು ಹಲೋ ಹಲೋ ಅನ್ನುತ್ತಿದ್ದ. ಪರದೆಯಲ್ಲಿ 156 ಅಂತ ಕಂಡಿತು. ಎದೆ ಧಸಕ್ಕೆಂದಿತು. ಸಮುದ್ರದಲ್ಲಿರುವ ದೋಣಿ, ಹಡಗುಗಳ ಬ್ಯಾಂಡ್ ಅದು. ಅಪಾಯದಲ್ಲಿದ್ದವರು ಕರೆಯುವುದು 156.8ರಲ್ಲಿ. ಅದೇ ರಾತ್ರಿ ಕೂತು ಎಲ್ಲ ಚಾನೆಲ್ ಅಳಿಸಿ, ಮಾತಾಡುವ ಮಿತಿಯನ್ನು 144-146ಕ್ಕೆ ಕಟ್ಟಿದೆ. ನೀವು ಈ ಕೆಲಸವನ್ನು ಕಾರಿಗೆ ಹಾಕುವ ಮೊದಲೇ ಮಾಡಿ. ಲೈಸೆನ್ಸ್ ಇಲ್ಲದವರಂತೂ ಸೆಟ್ ಮುಟ್ಟುವ ಮೊದಲು ಪರೀಕ್ಷೆ ಬರೆಯಿರಿ. ಮಾರುವವರು ಕೇಳುವುದಿಲ್ಲ, ಆದರೆ ಗಡಿಯ ಚೆಕ್‌ಪೋಸ್ಟಿನಲ್ಲಿ ಕೇಳುತ್ತಾರೆ. ನನ್ನನ್ನು ಎರಡು ಸಲ ಕೇಳಿದ್ದಾರೆ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಮಲಯಾಳದಲ್ಲಿ. ಲೈಸೆನ್ಸಿನ ಪ್ರತಿ ಡ್ಯಾಶ್‌ಬೋರ್ಡಿನಲ್ಲಿ ಇದ್ದ ಕಾರಣ ಎರಡೂ ಸಲ ಎರಡೇ ನಿಮಿಷದಲ್ಲಿ ಬಿಟ್ಟರು.

ಈಗ ಕಾರಿನಲ್ಲಿ ಇರುವುದು ಮಿತ್ರರಿಂದ ಕೊಂಡ ಹಳೆಯ ಸೆಟ್. ಒಂದೇ ಬ್ಯಾಂಡ್, ಬಣ್ಣದ ಪರದೆ ಇಲ್ಲ, ಹೊಸದಕ್ಕಿಂತ ಕಡಿಮೆ ರೇಟು. ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯವರು ಯಾರಾದರೂ ಗಾಡಿಗೆ ಸೆಟ್ ಹಾಕುವುದಿದ್ದರೆ ಮಳೆ ಹಿಡಿಯುವ ಮೊದಲು ಬನ್ನಿ. ಆಂಟೆನಾ ಅಳೆದು ಕೊಡುತ್ತೇನೆ, ಫ್ಯೂಸ್ ಹೋಲ್ಡರ್ ಎರಡು ಹೆಚ್ಚೇ ತಂದಿಟ್ಟಿದ್ದೇನೆ. 10ರ ಸ್ಪಾನರ್ ಮಾತ್ರ ನಿಮ್ಮದೇ ತನ್ನಿ. ನನ್ನದು ಈಗ ಕಾರಿನಿಂದ ಕೆಳಗೆ ಇಳಿಯುವುದಿಲ್ಲ.