ಆರ್ಫಿಯಸ್ ಎಂಜಿನ್ನಿನ ಫ್ಲೇಮ್ ಟ್ಯೂಬ್: ರಿಪೇರಿ ಮಾಡಿದವನ ಅಭಿಪ್ರಾಯ

1961ರಲ್ಲಿ ಮೊದಲ ಬಾರಿ ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನಕ್ಕೆ ಎರಡು ಆರ್ಫಿಯಸ್ ಜೆಟ್ ಎಂಜಿನ್‌ಗಳು. ಅಜೀತ್ ಯುದ್ಧವಿಮಾನಕ್ಕೂ ಕಿರಣ್ ಮಾರ್ಕ್ 2 ತರಬೇತಿ ವಿಮಾನಕ್ಕೂ ಒಂದೊಂದು. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿಯ ಮೇಲೆ ತಯಾರಾದ ಎಂಜಿನ್ ಅದು. ಅದರ ನಡುವೆ ಉರಿಯುತ್ತಿದ್ದ ಏಳು ತಗಡಿನ ಕೊಳವೆಗಳ ಬಿರುಕನ್ನು ವರ್ಷಗಟ್ಟಲೆ ಬೆಸೆದ ವೆಲ್ಡರ್ ನಾನು.

ಇಂಧನ ಉರಿಯುವ ಆ ಕೊಳವೆಯೇ ಫ್ಲೇಮ್ ಟ್ಯೂಬ್. ಒಂದನ್ನು ಕೈಯಲ್ಲಿ ಹಿಡಿದರೆ ಅದು ಇಷ್ಟು ತೆಳುವೇ ಎನಿಸುತ್ತದೆ. ಒಳಗಿನ ಜ್ವಾಲೆ ಸುಮಾರು 2,000 ಡಿಗ್ರಿ ಸೆಲ್ಸಿಯಸ್. ಆ ನಿಕಲ್-ಕ್ರೋಮಿಯಂ ತಗಡು 1,400 ಮುಟ್ಟುವ ಮೊದಲೇ ಕರಗುವಂಥದ್ದು. ಅದನ್ನು ಉಳಿಸುವುದು ಗಾಳಿ. ಮುಂದಿನ ಕಂಪ್ರೆಸರ್ ಒತ್ತಿ ತಳ್ಳಿದ ಗಾಳಿಯಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಕೊಳವೆಯ ಮೂತಿಯಿಂದ ಒಳಹೊಕ್ಕು, ಸುಳಿಯಾಗಿ ತಿರುಗಿ, ಬೆಂಕಿ ಆರದಂತೆ ಹಿಡಿದಿಡುತ್ತದೆ. ಉಳಿದದ್ದು ಗೋಡೆಯ ರಂಧ್ರಗಳಿಂದ ನುಗ್ಗುತ್ತದೆ. ಅದರಲ್ಲಿ ಒಂದಿಷ್ಟು ಗೋಡೆಗೆ ಹೊದಿಕೆಯಂತೆ ಅಂಟಿ ಹರಿದರೆ, ಮಿಕ್ಕಿದ್ದು ಹಿಂದೆ ಆ ಬಿಸಿ ಗಾಳಿಯಿಂದ ತಿರುಗುವ ಟರ್ಬೈನ್ ತಾಳುವಷ್ಟರ ಮಟ್ಟಿಗೆ ಬಿಸಿಯನ್ನು ಇಳಿಸುತ್ತದೆ.

ಬಿರುಕು ಹೆಚ್ಚಾಗಿ ಹುಟ್ಟುವುದು ಆ ರಂಧ್ರಗಳ ಅಂಚಿನಲ್ಲೇ. ಬಿರುಕಿನೊಳಗೆ ಇಳಿಯುವ ಪೆನೆಟ್ರೆಂಟ್ ದ್ರವ ಹಚ್ಚಿ, ತೊಳೆದು, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಕೂದಲೆಳೆಯಂಥ ಹಸಿರು ಗೆರೆ ಹೊಳೆಯುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆದು, ಆರ್ಗಾನ್ ವೆಲ್ಡಿಂಗ್‌ನಿಂದ ತುಂಬಿ, ಅಂಚನ್ನು ಮತ್ತೆ ನುಣುಪು ಮಾಡಬೇಕು. ರಂಧ್ರದೊಳಕ್ಕೆ ಲೋಹ ಚಾಚಿಕೊಂಡಿದ್ದರೆ ಗಾಳಿ ದಾರಿ ತಪ್ಪಿ, ಪಕ್ಕದ ಗೋಡೆ ಸುಡಬಹುದು. ನಮ್ಮ ಹಿರಿಯ ಮೇಸ್ತ್ರಿಯವರು ನಾನು ಮುಗಿಸಿದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸುತ್ತಿದ್ದರು. ತಡೆಯಿತೋ, "ಇನ್ನೊಮ್ಮೆ ನೋಡಪ್ಪ" ಎಂದು ವಾಪಸ್ ಕೊಡುತ್ತಿದ್ದರು. ಆ ಉಗುರಿಗೆ ನಾನು ಇಂದಿಗೂ ಋಣಿ.

ಈಗಿನ ಎಂಜಿನ್‌ಗಳಲ್ಲಿ ಹೆಚ್ಚಾಗಿ ಬಿಡಿ ಕೊಳವೆಗಳಿಲ್ಲ, ಬಳೆಯ ಆಕಾರದ ಒಂದೇ ಕೋಣೆ. ಅದು ಗಿಡ್ಡ, ಹಗುರ. ತಂಪು ಮಾಡಬೇಕಾದ ಗೋಡೆಯೂ ಕಡಿಮೆ. ಹಾರುವ ಯಂತ್ರಕ್ಕೆ ಅದೇ ಮೇಲೆಂದು ಒಪ್ಪುತ್ತೇನೆ. ಆದರೆ ರಿಪೇರಿಯ ಮೇಜಿನ ಮುಂದೆ ನಿಂತವನಿಗೆ ಆರ್ಫಿಯಸ್ಸೇ ಪ್ರಿಯ: ಏಳರಲ್ಲಿ ಒಂದು ಕೆಟ್ಟರೆ ಆ ಒಂದನ್ನು ಬದಲಿಸಿದರೆ ಸಾಕು.

ಜೆಟ್ ಎಂಜಿನ್ ಕಲಿಯುವ ಡಿಪ್ಲೊಮಾ ಮಕ್ಕಳಿಗೆ ಈ ಕೊಳವೆಗಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಬಳಸಿ ತೆಗೆದ ಕೊಳವೆ ಎಲ್ಲಾದರೂ ಸಿಕ್ಕರೆ ರಂಧ್ರದೊಳಗೆ ಟಾರ್ಚ್ ಬಿಟ್ಟು ಆಚೆ ಗೋಡೆಯ ಬಣ್ಣ ನೋಡಿ. ಒಂದು ಕಡೆ ನೀಲಿ, ಇನ್ನೊಂದು ಕಡೆ ಕಂದು. ಗಾಳಿಯ ಹೊದಿಕೆ ಎಲ್ಲಿ ತೆಳುವಾಗಿತ್ತೆಂದು ಆ ಬಣ್ಣವೇ ತೋರಿಸುತ್ತದೆ.