ಮೂರು ವರ್ಷ ಬಳಸಿದ ಜ್ಯುವೆಲರಿ ಸ್ಟ್ಯಾಂಡ್: ಕೊಕ್ಕೆಗೆ ಬೈಗುಳ, ಡ್ರಾಯರ್‌ಗೆ ಮುತ್ತು

ಮೇಲೆ ಸಾಲಾಗಿ ಕೊಕ್ಕೆ, ಕೆಳಗೊಂದು ಚಪ್ಪಟೆ ಡ್ರಾಯರ್, ಇಷ್ಟೇ ಈ ಸ್ಟ್ಯಾಂಡು. ಅಳತೆ, ಬಣ್ಣ ಎಲ್ಲಾ ಮಾರೋರು ಫೋಟೋ ಜೊತೆಗೇ ಹಾಕಿರ್ತಾರೆ, ನಾನು ಮತ್ತೆ ಹೇಳ್ತಾ ಕೂರಲ್ಲ. ಆ ಫೋಟೋದಲ್ಲಿ ಮೊದಲನೇ ಕೊಕ್ಕೆಗೆ ಒಂದೆಳೆ ಮುತ್ತಿನ ಸರ ನೇತು ಹಾಕಿದ್ದಾರಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೇನೇ.

ನನ್ನತ್ರ ಇರೋದು ಒಂದೇ ಒಂದು ಮುತ್ತಿನ ಸರ. ಸಿಹಿನೀರಿನ ಮುತ್ತು, 58 ಇದೆ, ದುಡ್ಡು ಕೂಡಿಟ್ಟು ತಗೊಂಡಿದ್ದು. ಬೀರುವಿನಲ್ಲಿಟ್ಟು ಪೂಜೆ ಮಾಡೋ ಜಾತಿ ನಾನಲ್ಲ, ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹಾಕ್ಕೊಂಡು ಹೋಗ್ತೀನಿ. ಹಾಗಾಗಿ ಬೆಳಗ್ಗೆ ಕೈಗೆ ಟಕ್ ಅಂತ ಸಿಗ್ಲಿ ಅಂತ ಫೋಟೋದಲ್ಲಿದ್ದ ಹಾಗೇ ಮೊದಲನೇ ಕೊಕ್ಕೆಗೆ ನೇತು ಹಾಕಿದೆ, ಅದೂ ಪ್ರತಿ ಸಲ ಕೊಂಡಿ ಮೇಲೆ ಬರೋ ಹಾಗೆ, ಒಂದೂವರೆ ವರ್ಷ ಹೀಗೇ ನಡೀತು, ಚೆನ್ನಾಗೇ ಕಾಣ್ತಿತ್ತು.

ಒಂದಿನ ಕನ್ನಡಿ ಮುಂದೆ ನಿಂತಾಗ ಕೊಂಡಿ ಪಕ್ಕದ ಮುತ್ತುಗಳ ನಡುವೆ ದಾರ ಕಾಣಿಸ್ತು. ಮುತ್ತಿಗೂ ಗಂಟಿಗೂ ಮಧ್ಯೆ ಸಂದು ಬಿಟ್ಟು, ಒಳಗಿನ ರೇಷ್ಮೆ ದಾರ ಕೊಳೆಯಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಪೋಣಿಸೋರ ಹತ್ರ ತಗೊಂಡು ಹೋದೆ. ಅವರು ಸರನ ಬೆರಳ ಮೇಲೆ ಹಾಕ್ಕೊಂಡು ನೋಡಿ ಕೇಳಿದ ಮೊದಲ ಮಾತು, "ಇದನ್ನ ನೇತು ಹಾಕಿಡ್ತೀರಾ ಮೇಡಂ?"

ಹೂಂ ಅಂದೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ.

ಬಂಗಾರದ ಸರಕ್ಕೆ ಕೊಂಡಿ ಕೊಂಡಿ ಬೆಸೆದಿರ್ತಾರೆ, ನೇತು ಹಾಕಿದ್ರೂ ಏನೂ ಆಗಲ್ಲ. ಮುತ್ತಿನ ಸರದ ಪ್ರಾಣ ಇರೋದು ದಾರದಲ್ಲಿ, ರೇಷ್ಮೆ ದಾರ ತನ್ನ ಸರದ ಭಾರಕ್ಕೆ ತಾನೇ ದಿನಾ ಒಂಚೂರು ಒಂಚೂರು ಹಿಗ್ಗತ್ತೆ, ಅದರಲ್ಲೂ ನನ್ನ ಥರ ಯಾವಾಗ್ಲೂ ಒಂದೇ ಜಾಗದಲ್ಲಿ ಸಿಕ್ಕಿಸಿದ್ರೆ ಎಳೆತವೆಲ್ಲ ಅಲ್ಲೇ. ಮುತ್ತು ಮುತ್ತಿನ ನಡುವೆ ಗಂಟು ಹಾಕೋದು ಒಂದಕ್ಕೊಂದು ಉಜ್ಜದೇ ಇರ್ಲಿ, ದಾರ ಕಿತ್ರೂ ಎಲ್ಲಾ ಚೆಲ್ಲಾಪಿಲ್ಲಿ ಆಗದೇ ಇರ್ಲಿ ಅಂತ. ದಾರ ಹಿಗ್ಗಿ ಸಂದು ಬಿಟ್ಟ ಮೇಲೆ ಒಳಗೆ ಧೂಳು ಸೇರ್ಕೊಂಡು ಒಳಗಿಂದಾನೇ ದಾರನ ಸವೆಸತ್ತೆ. ಪೂರ್ತಿ ಬಿಚ್ಚಿ ಹೊಸದಾಗಿ ಪೋಣಿಸಬೇಕಾಯ್ತು. ನನ್ನ ಹಾಗೆ ಪದೇ ಪದೇ ಹಾಕೋರು ವರ್ಷ ಎರಡು ವರ್ಷಕ್ಕೊಮ್ಮೆ ಹೇಗೂ ಪೋಣಿಸಬೇಕಂತೆ, ಆದ್ರೆ ಇಷ್ಟು ಜೋತು ಬೀಳೋ ಅಗತ್ಯ ಇರ್ಲಿಲ್ಲ.

ಇನ್ನೊಂದು ಅನಾಹುತ ಪಕ್ಕದ ಕೊಕ್ಕೆದು. ಅಲ್ಲಿ ಕಲ್ಲಿನ ಪದಕ ಇರೋ ಚೈನ್ ಇತ್ತು, ಸ್ಟ್ಯಾಂಡ್ ಅಲ್ಲಾಡಿದಾಗೆಲ್ಲ ಅದು ಬಂದು ಮುತ್ತಿಗೆ ತಾಗ್ತಿತ್ತು. ಮೋಸ್ ಗಡಸುತನದ ಲೆಕ್ಕದಲ್ಲಿ (1ರಿಂದ 10, ಅಂಕಿ ದೊಡ್ಡದಾದಷ್ಟು ಗಡಸು) ಮುತ್ತು 2.5ರಿಂದ 4.5ರ ಒಳಗೆ, ಪದಕದಲ್ಲಿರೋ ಸ್ಫಟಿಕದ ಕಲ್ಲು 7. ಯಾರು ಯಾರನ್ನ ಗೀರ್ತಾರೆ ಅಂತ ಹೇಳಬೇಕಾಗಿಲ್ಲ. ಎರಡು ಮುತ್ತಿನ ಮೇಲೆ ಕೂದಲೆಳೆ ಗೀರು ಬಿದ್ದಿದೆ, ನನಗೆ ಮಾತ್ರ ಕಾಣತ್ತೆ, ನನಗೆ ಕಂಡ್ರೆ ಸಾಕಲ್ಲ ಹೊಟ್ಟೆ ಉರಿಯೋಕೆ.

ಆಗ ಈ ಸ್ಟ್ಯಾಂಡನ್ನ ಯಾರಿಗಾದ್ರೂ ಕೊಟ್ಬಿಡೋಣ ಅಂತಲೇ ಇದ್ದೆ. ಹೊಸದಾಗಿ ಪೋಣಿಸಿದ ಸರ ಮನೆಗೆ ಬಂತು, ಅದಕ್ಕೆ ಅಂತ ಇನ್ನೊಂದು ಡಬ್ಬಿ ತಗೊಳ್ಳೋ ಬಜೆಟ್ ಇರ್ಲಿಲ್ಲ, ಸರಿ ಅಂತ ಪಿನ್ನು, ಸೇಫ್ಟಿ ಪಿನ್ನು ತುಂಬಿದ್ದ ಆ ಡ್ರಾಯರ್ ಖಾಲಿ ಮಾಡಿದೆ. ಒಳಗೆ ಮೆತ್ತನೆ ಬಟ್ಟೆ ಹೊದಿಸಿದ್ದಾರೆ, ಅಗಲ ಎಷ್ಟಿದೆ ಅಂದ್ರೆ ಸರ ಮಡಚದೇ ಸುರುಳಿಯಾಗಿ ಮಲಗತ್ತೆ. ಮುಚ್ಚಿದ್ರೂ ಗಾಳಿ ಆಡದಷ್ಟು ಬಿಗಿಯಾಗಲ್ಲ, ಅದೇ ಬೇಕಾಗಿದ್ದು. ಮುತ್ತೊಳಗೆ ಶೇಕಡಾ 2ರಿಂದ 4ರಷ್ಟು ನೀರಿರತ್ತೆ, ಬಿಗಿಯಾದ ಪ್ಲಾಸ್ಟಿಕ್ ಕವರಲ್ಲೋ ತುಂಬಾ ಒಣ ಜಾಗದಲ್ಲೋ ವರ್ಷಗಟ್ಟಲೆ ಇಟ್ರೆ ಒಣಗಿ ಬಿರುಕು ಬಿಡಬಹುದು. ಡ್ರಾಯರ್ ಮೂಲೆಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಒಂದಿತ್ತು, ಅದನ್ನ ಎತ್ತಿ ಶೂ ಡಬ್ಬಿಗೆ ಹಾಕಿದೆ.

ಈಗ ಸಂಜೆ ಮನೆಗೆ ಬಂದ್ರೆ ಮುಖ ತೊಳೆಯೋಕೂ ಮುಂಚೆ ಸರ ಬಿಚ್ತೀನಿ. ಹಳೇ ಕಾಟನ್ ಬಟ್ಟೆ, ಒಗೆದು ಒಗೆದು ಬೆಣ್ಣೆ ಥರ ಆಗಿರೋದು, ಅದರ ಒಂದು ತುದಿ ಮಾತ್ರ ನೀರಲ್ಲಿ ಅದ್ದಿ ಗಟ್ಟಿ ಹಿಂಡಿ, ಕೊಂಡಿಯಿಂದ ಶುರು ಮಾಡಿ ಒಂದೊಂದೇ ಮುತ್ತನ್ನ ಎರಡು ಬೆರಳಲ್ಲಿ ತಿರುಗಿಸ್ತಾ ಒರೆಸ್ತೀನಿ. ಒಣ ಬಟ್ಟೆಲಿ ಶುರು ಮಾಡಲ್ಲ, ಧೂಳಲ್ಲಿ ಮರಳಿನ ಕಣ ಇರತ್ತೆ, ಉಜ್ಜಿದ್ರೆ ಗೀರು. ಮುತ್ತು ಅಂದ್ರೆ ಹೆಚ್ಚುಕಮ್ಮಿ ಸುಣ್ಣದ ಕಲ್ಲಲ್ಲಿರೋದೇ, ಕ್ಯಾಲ್ಸಿಯಂ ಕಾರ್ಬೊನೇಟ್, ಬೆವರಿನ ಹುಳಿಗೂ ಹೊಳಪು ಮಂಕಾಗತ್ತೆ. ಮೊದಲ ವರ್ಷ ಸರ ಹಾಕ್ಕೊಂಡೇ ಸೆಂಟ್ ಹೊಡ್ಕೊಂಡು ಕತ್ತಿನ ಹಿಂದಿನ ಮೂರು ಮುತ್ತು ಮಂಕಾಗಿವೆ, ಈಗ ಸೆಂಟು, ಕ್ರೀಮು, ಹೇರ್ ಸ್ಪ್ರೇ ಎಲ್ಲಾ ಮುಗಿದ ಮೇಲೇನೇ ಸರ. ಒರೆಸ್ತಾ ಎಣಿಸ್ತೀನಿ, 58 ಬರೋ ಹೊತ್ತಿಗೆ ಆಫೀಸಿನ ತಲೆನೋವು ಅರ್ಧ ಇಳಿದಿರತ್ತೆ, ಯಾರಾದ್ರೂ ಮಧ್ಯೆ ಮಾತಾಡಿಸಿದ್ರೆ ಮತ್ತೆ ಮೊದಲಿಂದ. ಹತ್ತು ನಿಮಿಷ ಟವೆಲ್ ಮೇಲೆ ಹಾಸಿಟ್ಟು ಡ್ರಾಯರ್‌ಗೆ. ಅಪರೂಪಕ್ಕೆ ದಾರ ಒದ್ದೆ ಆದ್ರೆ ಮಾತ್ರ ರಾತ್ರಿ ಪೂರ್ತಿ ಹಾಗೇ ಬಿಡ್ತೀನಿ, ಒದ್ದೆ ದಾರ ಇನ್ನೂ ಬೇಗ ಹಿಗ್ಗತ್ತೆ.

ಹೊಸ ದಾರಕ್ಕೂ ಈಗ ಒಂದೂವರೆ ವರ್ಷ, ಒಂದು ಸಂದೂ ಬಿಟ್ಟಿಲ್ಲ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಮೂರೂ ಡ್ರಾಯರ್‌ಗೇ, ಆ ಫೋಟೋ ಬದಲಾಯಿಸಿದ ದಿನ ಇನ್ನೊಂದು. ಮಿಕ್ಕ ಕೊಕ್ಕೆಗಳಲ್ಲಿ ಚೈನುಗಳು ಆರಾಮಾಗಿವೆ. ಮೊದಲನೇದರಲ್ಲಿ ಈಗ ಒರೆಸೋ ಬಟ್ಟೆ ಒಣಗ್ತಾ ಇರತ್ತೆ.