ಮೈ ನೈಬರ್ ಟೊಟೊರೊ: ಅಕ್ಕನ ಬೆನ್ನ ಮೇಲಿನ ಭಾರ

ಈ ಜಪಾನಿ ಕಾರ್ಟೂನ್ ಸಿನಿಮಾ ಹಾಕಿ ಕೂರಿಸಿದ ಮಕ್ಕಳು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಟೊಟೊರೊ ಯಾವಾಗ ಬರ್ತಾನೆ?’ ಸುಮಾರು ಅರ್ಧ ಗಂಟೆ ಕಾಯಬೇಕು. ಇಡೀ ಸಿನಿಮಾ ಇರುವುದೇ 86 ನಿಮಿಷ. ಪೋಸ್ಟರ್ ತುಂಬ ನಿಂತಿರುವ ಆ ಬೂದು ಬಣ್ಣದ ಡೊಳ್ಳುಹೊಟ್ಟೆಯ ಪ್ರಾಣಿ ತೆರೆಯ ಮೇಲೆ ಬರುವುದು ಬೆರಳಲ್ಲಿ ಎಣಿಸುವಷ್ಟು ಸಲ. ಬಂದರೂ ಮಾತಾಡುವುದಿಲ್ಲ. ಒಂದು ಗುಟುರು, ಒಂದು ಆಕಳಿಕೆ, ಕಿವಿಯಿಂದ ಕಿವಿಗೆ ಒಂದು ನಗು, ಅಷ್ಟೇ. ಉಳಿದ ಹೊತ್ತೆಲ್ಲ ತೆರೆಯ ಮೇಲಿರುವುದು ಅಮ್ಮ ಆಸ್ಪತ್ರೆಯಲ್ಲಿರುವ ಒಂದು ಮನೆ ಮತ್ತು ಆ ಮನೆಯನ್ನು ಸಂಭಾಳಿಸುತ್ತಿರುವ ದೊಡ್ಡಮಗಳು. ಟೊಟೊರೊ ಗೊಂಬೆ ಕೊಂಡ ಎಷ್ಟೋ ಮನೆಗಳಲ್ಲಿ ಅವಳ ಹೆಸರೂ ಯಾರಿಗೂ ನೆನಪಿರುವುದಿಲ್ಲ. ಅವಳು ಸತ್ಸುಕಿ. ನೋಡಬೇಕಾದ್ದು ಅವಳನ್ನು.

ಹಯಾವೊ ಮಿಯಾಝಾಕಿ ನಿರ್ದೇಶಿಸಿದ ಈ ಸ್ಟುಡಿಯೊ ಜಿಬ್ಲಿ ಚಿತ್ರ ಜಪಾನಿನಲ್ಲಿ ತೆರೆಕಂಡದ್ದು 1988ರ ಏಪ್ರಿಲ್ 16ರಂದು. ಅದೇ ಟಿಕೆಟ್ಟಿಗೆ ಜೋಡಿಯಾಗಿ ತೋರಿಸಿದ್ದು ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಇಲ್ಲೇ ಒಂದು ಎಚ್ಚರಿಕೆ: ಅದೂ ಅದೇ ಸ್ಟುಡಿಯೊದ ಕೈಚಿತ್ರಗಳ ಸಿನಿಮಾ, ಅದರಲ್ಲೂ ಇಬ್ಬರು ಮಕ್ಕಳೇ ಮುಖ್ಯ. ಆದರೆ ಅದು ಯುದ್ಧ ಮತ್ತು ಹಸಿವಿನ ಕಥೆ. ‘ಇದೂ ಕಾರ್ಟೂನ್ ತಾನೆ’ ಎಂದು ಟೊಟೊರೊ ಮುಗಿದ ತಕ್ಷಣ ಚಿಕ್ಕ ಮಕ್ಕಳಿಗೆ ಅದನ್ನು ಹಾಕಬೇಡಿ.

ಕಥೆ ನಡೆಯುವುದು 1950ರ ದಶಕದಲ್ಲಿ, ಟೋಕಿಯೊಗೆ ಹತ್ತಿರದ ಹಳ್ಳಿಯೊಂದರಲ್ಲಿ. ಸಯಾಮಾ ಗುಡ್ಡಗಳು ಮತ್ತು ತೊಕೊರೊಜಾವಾ ಸುತ್ತಮುತ್ತಲ ಊರುಗಳು ಇದಕ್ಕೆ ಮಾದರಿ. ಸತ್ಸುಕಿ ಮತ್ತು 4 ವರ್ಷದ ತಂಗಿ ಮೇ, ಅಪ್ಪನ ಜೊತೆ ಒಂದು ಹಳೇ ಮನೆಗೆ ಬರುತ್ತಾರೆ. ಅಮ್ಮನ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ಅಮ್ಮನ ಕಾಯಿಲೆ ಏನೆಂದು ಸಿನಿಮಾ ಎಲ್ಲೂ ಹೇಳುವುದಿಲ್ಲ. ಮಿಯಾಝಾಕಿ ಹುಡುಗನಾಗಿದ್ದಾಗ ಅವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಅದು ಗೊತ್ತಿದ್ದರೆ ಈ ಮೌನ ಅರ್ಥವಾಗುತ್ತದೆ. ಮಕ್ಕಳಿಗೆ ಕಾಯಿಲೆಯ ಹೆಸರು ಬೇಕಿಲ್ಲ. ‘ಶನಿವಾರ ಅಮ್ಮ ಬರ್ತಾಳಾ ಇಲ್ವಾ’ ಎನ್ನುವುದೊಂದೇ ಬೇಕು.

ಈಗ ಸತ್ಸುಕಿ ಮಾಡುವ ಕೆಲಸಗಳನ್ನು ಗಮನಿಸಿ. ಬೆಳಿಗ್ಗೆ ಅಪ್ಪ ಇನ್ನೂ ಎದ್ದಿರುವುದಿಲ್ಲ, ಇವಳು ಸೌದೆ ಒಲೆಯ ಮುಂದಿರುತ್ತಾಳೆ. ಅಪ್ಪನಿಗೆ, ತಂಗಿಗೆ, ತನಗೆ ಮೂರು ಡಬ್ಬಿ ಕಟ್ಟುತ್ತಾಳೆ. ಶಾಲೆಗೆ ಓಡುತ್ತಾಳೆ. ತಂಗಿ ರಚ್ಚೆ ಹಿಡಿದು ಶಾಲೆಗೇ ಬಂದರೆ ಟೀಚರ್ ಹತ್ತಿರ ಒಪ್ಪಿಗೆ ಕೇಳಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಮಳೆ ಬಂದರೆ ಅಪ್ಪನಿಗೆ ಕೊಡೆ ತೆಗೆದುಕೊಂಡು ಬಸ್‌ಸ್ಟಾಪಿಗೆ ಹೋಗುತ್ತಾಳೆ. ಇವುಗಳಲ್ಲಿ ಒಂದನ್ನೂ ಸಿನಿಮಾ ‘ಆಹಾ, ಎಂಥಾ ಹುಡುಗಿ’ ಎಂದು ಎತ್ತಿ ತೋರಿಸುವುದಿಲ್ಲ. ಹಿನ್ನೆಲೆಯಲ್ಲಿ ಸುಮ್ಮನೆ ನಡೆಯುತ್ತಿರುತ್ತದೆ, ನಮ್ಮ ಮನೆಗಳಲ್ಲಿ ನಡೆಯುವ ಹಾಗೆಯೇ. ‘ನೀನು ದೊಡ್ಡವಳಲ್ವಾ’ ಎಂಬ ಒಂದು ಮಾತಿನಲ್ಲಿ ಮನೆಯ ಅರ್ಧ ಕೆಲಸ ಹಿರಿಮಗಳ ತಲೆಗೆ ಕಟ್ಟುವವರು ಈ ಭಾಗ ಕಣ್ಣಿಟ್ಟು ನೋಡಬೇಕು.

ಆಸ್ಪತ್ರೆಯ ದೃಶ್ಯದಲ್ಲಿ ಅಮ್ಮ ಸತ್ಸುಕಿಯ ತಲೆ ಬಾಚುತ್ತಾಳೆ. ಕೂದಲು ಚಿಕ್ಕದು, ಜಡೆ ಹಾಕುವಂಥದ್ದೇನಲ್ಲ. ಆದರೂ ಆ ಅರೆನಿಮಿಷ ಸತ್ಸುಕಿ ಮನೆಯ ಯಜಮಾನಿತಿ ಅಲ್ಲ, ಮಗಳು. ನನಗೂ ಬಾಚು ಎಂದು ಮೇ ಮಧ್ಯೆ ನುಗ್ಗುತ್ತಾಳೆ, ಅದು ಬೇರೆ ಮಾತು. ಇಡೀ ಸಿನಿಮಾದಲ್ಲಿ ಸತ್ಸುಕಿಯನ್ನು ಯಾರಾದರೂ ಮುದ್ದು ಮಾಡುವ ಜಾಗಗಳು ಬಹಳ ಕಡಿಮೆ. ಇದು ಅಂಥ ಒಂದು ಜಾಗ.

ಮೊದಲ ಆಲೋಚನೆಯಲ್ಲಿ ಕಥೆಗೆ ಇದ್ದದ್ದು ಒಬ್ಬಳೇ ಹುಡುಗಿ. ಆಮೇಲೆ ಅವಳನ್ನು ಇಬ್ಬರಾಗಿ ಒಡೆದರು. ಸತ್ಸುಕಿ ಎಂದರೆ ಹಳೆಯ ಜಪಾನಿ ಲೆಕ್ಕದಲ್ಲಿ ಐದನೇ ತಿಂಗಳು, ಮೇ ಎಂದರೆ ಇಂಗ್ಲಿಷ್ ಮೇ ತಿಂಗಳು; ಇಬ್ಬರದೂ ಒಂದೇ ಹೆಸರು. ಪೋಸ್ಟರ್‌ನಲ್ಲಿ ಟೊಟೊರೊ ಪಕ್ಕ ನಿಂತವಳನ್ನು ಸರಿಯಾಗಿ ನೋಡಿ: ಅವಳು ಸತ್ಸುಕಿಯೂ ಅಲ್ಲ, ಮೇಯೂ ಅಲ್ಲ, ಆ ಮೊದಲ ಹುಡುಗಿ. ಈ ವಿವರ ತಿಳಿದ ಮೇಲೆ ಸಿನಿಮಾ ಬೇರೆಯಾಗಿ ಕಾಣುತ್ತದೆ. ರಚ್ಚೆ ಹಿಡಿಯುವ, ಅಳುವ, ಕಂಡಿದ್ದರ ಹಿಂದೆ ಓಡುವ ಅರ್ಧ ಒಂದು ಕಡೆ, ಎಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಡಬ್ಬಿ ಕಟ್ಟುವ ಅರ್ಧ ಇನ್ನೊಂದು ಕಡೆ. ಎರಡೂ ಒಂದೇ ಮಗು.

ದೊಡ್ಡವರಿಗೆ ಇಲ್ಲಿರುವ ದೊಡ್ಡ ಪಾಠ ಅಪ್ಪನ ಉತ್ತರಗಳಲ್ಲಿದೆ. ಮೇ ಪೊದೆಯೊಳಗಿನ ಸುರಂಗದಲ್ಲಿ ತೂರಿ, ಕರ್ಪೂರದ ಮರದ ಪೊಟರೆಗೆ ಬಿದ್ದು, ಟೊಟೊರೊನ ಹೊಟ್ಟೆಯ ಮೇಲೆ ನಿದ್ದೆ ಮಾಡಿ ಬರುತ್ತಾಳೆ. ತೋರಿಸುತ್ತೇನೆಂದು ಕರೆದುಕೊಂಡು ಹೋದರೆ ದಾರಿಯೇ ಇಲ್ಲ. ಅಕ್ಕ, ಅಪ್ಪ ಇಬ್ಬರಿಗೂ ನಗು ಬರುತ್ತದೆ. ಮೇ ಮುಖ ಊದಿಸಿಕೊಂಡು ‘ಸುಳ್ಳಲ್ಲ’ ಎನ್ನುತ್ತಾಳೆ. ಈ ಜಾಗದಲ್ಲಿ ಹೆಚ್ಚಿನ ಅಪ್ಪಂದಿರು ಮಾಡುವ ತಪ್ಪು ಎರಡು ಬಗೆಯದು: ಒಂದು, ಗೇಲಿ ಮಾಡುವುದು, ಇನ್ನೊಂದು, ‘ಹೌದಾ ಪುಟ್ಟಾ’ ಎಂದು ತೇಲಿಸಿಬಿಡುವುದು. ಈ ಅಪ್ಪ ಎರಡೂ ಮಾಡುವುದಿಲ್ಲ. ನೀನು ಕಾಡಿನ ಒಡೆಯನನ್ನು ಕಂಡಿರಬೇಕು, ಅದು ಅದೃಷ್ಟ, ಆದರೆ ಅವನು ಬೇಕೆಂದಾಗಲೆಲ್ಲ ಸಿಗುವವನಲ್ಲ ಎಂಬರ್ಥದ ಮಾತು ಹೇಳಿ, ಇಬ್ಬರನ್ನೂ ಆ ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಮಗಳನ್ನು ನೋಡಿಕೊಂಡಿದ್ದಕ್ಕೆ ಮರಕ್ಕೆ ತಲೆಬಾಗಿ ವಂದಿಸುತ್ತಾನೆ. ಮಗುವಿನ ಮಾತು ನಿಜವೋ ಸುಳ್ಳೋ ಎಂಬ ವಿಚಾರಣೆಯೇ ನಡೆಯುವುದಿಲ್ಲ.

ಆ ಮರಕ್ಕೆ ಸುತ್ತಿದ ದಪ್ಪ ಹುಲ್ಲಿನ ಹಗ್ಗ ಅಲಂಕಾರವಲ್ಲ. ಜಪಾನಿನ ಶಿಂತೊ ಧರ್ಮದ ಪದ್ಧತಿಯಲ್ಲಿ ಇಲ್ಲಿ ದೈವವಿದೆ ಎಂದು ಗುರುತು ಹಾಕುವ ಶಿಮೆನಾವಾ ಅದು. ಯೂರೋಪಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಬಹುದು. ನಾಗಬನಕ್ಕೆ ಕತ್ತಿ ಹಾಕದ ಕರಾವಳಿಯವರಿಗೆ, ದೇವರಕಾಡು ಉಳಿಸಿಕೊಂಡ ಕೊಡಗಿನವರಿಗೆ, ಅರಳಿಕಟ್ಟೆ ಸುತ್ತುವ ಬಯಲುಸೀಮೆಯವರಿಗೆ ಒಂದು ಮಾತೂ ಬೇಕಿಲ್ಲ. ಪರಿಸರದ ಬಗ್ಗೆ ಒಂದು ಸಾಲಿನ ಭಾಷಣವೂ ಸಿನಿಮಾದಲ್ಲಿಲ್ಲ. ಆದರೂ ಸಯಾಮಾ ಗುಡ್ಡಗಳ ಕಾಡನ್ನು ದೇಣಿಗೆ ಹಣದಲ್ಲಿ ತುಂಡು ತುಂಡಾಗಿ ಕೊಂಡು ಉಳಿಸುವ ಕೆಲಸ 1990ರಲ್ಲಿ ಶುರುವಾದದ್ದು ಟೊಟೊರೊ ಹೆಸರಿನಲ್ಲೇ. ಹಿನ್ನೆಲೆ ಚಿತ್ರಗಳ ಹೊಣೆ ಹೊತ್ತ ಕಲಾ ನಿರ್ದೇಶಕ ಕಜುವೊ ಓಗಾ ಗದ್ದೆ, ಬೇಲಿ, ಮೋಡಗಳನ್ನು ಹೇಗೆ ಬಿಡಿಸಿದ್ದಾರೆಂದರೆ, ಅಂಥ ಜಾಗ ಕಳೆದುಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಬಸ್‌ಸ್ಟಾಪಿನ ದೃಶ್ಯಕ್ಕೆ ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿ, ಕೋಣೆಯ ಫ್ಯಾನ್ ಆರಿಸಿದರೂ ನಷ್ಟವಿಲ್ಲ. ಮಳೆ, ಕತ್ತಲು, ಬಾರದ ಬಸ್ಸು. ತೂಕಡಿಸುವ ತಂಗಿಯನ್ನು ಸತ್ಸುಕಿ ಬೆನ್ನ ಮೇಲೆ ಹೊತ್ತು ನಿಂತಿದ್ದಾಳೆ, ಕೈಯಲ್ಲಿ ಕೊಡೆ ಬೇರೆ. ಕೊಡೆಯ ಅಂಚಿನ ಕೆಳಗೆ ಮೊದಲು ಕಾಣುವುದು ಉಗುರಿರುವ ಎರಡು ಪಾದ. ತಲೆಯ ಮೇಲೆ ಎಲೆಯೊಂದನ್ನು ಇಟ್ಟುಕೊಂಡು ಟೊಟೊರೊ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತಿದ್ದಾನೆ. ಸತ್ಸುಕಿ ಅಪ್ಪನಿಗೆಂದು ತಂದ ಕೊಡೆಯನ್ನು ಅವನಿಗೆ ಕೊಡುತ್ತಾಳೆ. ಮರದಿಂದ ಬಿದ್ದ ಹನಿ ಕೊಡೆಯ ಮೇಲೆ ಟಪ್ ಎಂದಾಗ ಅವನ ಕಣ್ಣರಳುವುದನ್ನು ನೋಡಬೇಕು. ಜೋ ಹಿಸಾಇಶಿ ಅವರ ಸಂಗೀತ ಇಲ್ಲಿ ಹನಿಗಳ ನಡುವೆ ಜಾಗ ಬಿಟ್ಟು ನಡೆಯುತ್ತದೆ. ಚಿಕ್ಕವಳನ್ನು ಹೊತ್ತವಳ ಪಕ್ಕಕ್ಕೆ ಅವಳಿಗಿಂತ ದೊಡ್ಡದೊಂದು ಬಂದು ನಿಂತಿತು, ಅಷ್ಟೇ ಆಗಿದ್ದು. ಯಾರೂ ಯಾರನ್ನೂ ಕಾಪಾಡಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ ಪಕ್ಕದ ಮನೆಯ ಹುಡುಗ ಕಾಂತ (ಹೆಸರು ಕೇಳಿ ನಮ್ಮೂರಿನವನು ಅಂದುಕೊಳ್ಳಬೇಡಿ) ತನ್ನ ಹರಕು ಕೊಡೆಯನ್ನು ಅಕ್ಕತಂಗಿಯರಿಗೆ ಚಾಚಿ, ಮಾತಿಲ್ಲದೆ ಮಳೆಯಲ್ಲಿ ಓಡಿಹೋಗುತ್ತಾನೆ. ಮನೆಯಲ್ಲಿ ಕೊಡೆ ಮರೆತೆ ಎಂದು ಸುಳ್ಳು ಹೇಳಿ ಬೈಸಿಕೊಳ್ಳುತ್ತಾನೆ. ಮಕ್ಕಳ ಹತ್ತಿರ ಮಾತಿಗೆ ತೆಗೆಯಲು ಇದಕ್ಕಿಂತ ಒಳ್ಳೆಯ ಜಾಗ ಈ ಸಿನಿಮಾದಲ್ಲಿಲ್ಲ: ಅವನು ನಿಜ ಯಾಕೆ ಹೇಳಲಿಲ್ಲ?

ಕೊನೆಯ ಭಾಗಕ್ಕೆ ದೊಡ್ಡವರು ಸಿದ್ಧರಾಗಿರಬೇಕು. ಆಸ್ಪತ್ರೆಯಿಂದ ತಂತಿ (ಟೆಲಿಗ್ರಾಂ) ಬರುತ್ತದೆ. ಮನೆಗೆ ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿದ್ದ ಕಾಲವನ್ನು ಕಂಡ ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೆ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಮಕ್ಕಳಿಗೆ ತಂತಿ ಎಂದರೇನೆಂದು ಮೊದಲೇ ಎರಡು ಮಾತಲ್ಲಿ ಹೇಳಿಡಿ. ಅಮ್ಮ ಮನೆಗೆ ಬರುವುದು ಮುಂದಕ್ಕೆ ಹೋಗುತ್ತದೆ. ಮೇ ಹಟ ಮಾಡುತ್ತಾಳೆ, ಸತ್ಸುಕಿ ಸಿಡಿಯುತ್ತಾಳೆ. ಆಮೇಲೆ ಪಕ್ಕದ ಮನೆಯ ಅಜ್ಜಿಯ ಎದುರು ಸತ್ಸುಕಿಯ ಕಟ್ಟೆ ಒಡೆಯುತ್ತದೆ. ಹಿಂದಿನ ಸಲವೂ ಹೀಗೇ ಸ್ವಲ್ಪ ದಿನ ಅಂದಿದ್ದರು, ಅಮ್ಮ ಸತ್ತುಹೋದರೆ ಏನು ಮಾಡುವುದು ಎಂದು ಬಾಯಿಬಿಟ್ಟು ಅಳುತ್ತಾಳೆ. ಅಲ್ಲಿಯವರೆಗೆ ಅವಳು ಅತ್ತೇ ಇಲ್ಲ. ಬಾಗಿಲ ಬಳಿ ನಿಂತ ಮೇ ಅದನ್ನು ನೋಡುತ್ತಾಳೆ. ಅಕ್ಕನೇ ಅಳುತ್ತಿದ್ದಾಳೆಂದರೆ ಸಂಗತಿ ನಿಜವಾಗಿಯೂ ಗಂಭೀರ ಎಂದು ಅವಳಿಗೆ ಹೊಳೆಯುವುದು ಆಗಲೇ. ಅಜ್ಜಿಯ ಹೊಲದ ಜೋಳ ತಿಂದರೆ ಅಮ್ಮನಿಗೆ ಗುಣವಾಗುತ್ತದೆಂದು ನಂಬಿ, ತೆನೆಯೊಂದನ್ನು ಎದೆಗವಚಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೊರಡುತ್ತಾಳೆ.

ಮುಂದೆ ಮಗು ಕಾಣೆಯಾದ ಹುಡುಕಾಟ. ಕೊಳದಲ್ಲಿ ಸಿಕ್ಕ ಪುಟ್ಟ ಚಪ್ಪಲಿಯನ್ನು ಹಿಡಿದು ಪಕ್ಕದ ಮನೆಯ ಅಜ್ಜಿ ಕೈಮುಗಿದು ಜಪಿಸುವ ದೃಶ್ಯ ಒಂದೇ ಇಡೀ ಚಿತ್ರದಲ್ಲಿ ನಿಜಕ್ಕೂ ಹೆದರಿಸುವಂಥದ್ದು. ರಕ್ತವಿಲ್ಲ, ಖಳನಿಲ್ಲ, ಆದರೆ ಕೊಳದಲ್ಲಿ ಹುಡುಕುವ ದೊಡ್ಡವರಿದ್ದಾರೆ. 4–5 ವರ್ಷದವರು ಇದನ್ನು ಅಷ್ಟಾಗಿ ಗ್ರಹಿಸುವುದಿಲ್ಲ. 7–8 ವರ್ಷದವರು ಗ್ರಹಿಸುತ್ತಾರೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿರುವಾಗ ತೋರಿಸುವುದಾದರೆ, ‘ಚಪ್ಪಲಿ ಮೇಯದಲ್ಲ’ ಎಂದು ಮುಂಚೆಯೇ ಹೇಳಿಬಿಡಿ. ಗುಟ್ಟು ಹೋಗುತ್ತದೆ, ಹೋಗಲಿ.

ನೋಡುವ ಬಗೆ ಹೇಳುವುದಾದರೆ, ನೆಟ್‌ಫ್ಲಿಕ್ಸ್‌ನಲ್ಲಿ ಇದು 2020ರ ಫೆಬ್ರವರಿಯಲ್ಲಿ ಬಂತು. ಕನ್ನಡ ಡಬ್ಬಿಂಗ್ ಇಲ್ಲ. ಡಿಸ್ನಿ ಮಾಡಿಸಿದ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಅಕ್ಕತಂಗಿಯರ ದನಿ ಡಕೋಟಾ ಮತ್ತು ಎಲ್ ಫ್ಯಾನಿಂಗ್ ಎಂಬ ನಿಜವಾದ ಅಕ್ಕತಂಗಿಯರದ್ದು; ಚೆನ್ನಾಗಿದೆ. ಆದರೆ ಓದಲು ಬಾರದ ಮಕ್ಕಳಿಗೆ ಜಪಾನಿ ದನಿಯನ್ನೇ ಇಟ್ಟು, ದೊಡ್ಡವರೊಬ್ಬರು ಸಬ್‌ಟೈಟಲ್ ನೋಡುತ್ತಾ ಕನ್ನಡದಲ್ಲಿ ಹೇಳುತ್ತಾ ಹೋಗುವುದೇ ಮೇಲು. ಸಾಲುಗಳು ಚಿಕ್ಕವು, ಮಾತಿಲ್ಲದ ಜಾಗ ಬೇಕಾದಷ್ಟಿದೆ, ಉಸಿರು ಕಟ್ಟುವುದಿಲ್ಲ. ಎಲ್ಲ ಸಾಲನ್ನೂ ಹೇಳಲು ಹೋದರೆ ಕೆಡುತ್ತದೆ. ಬಸ್‌ಸ್ಟಾಪಿನಲ್ಲಿ ಬಾಯಿ ಮುಚ್ಚಿಕೊಂಡಿರಿ. ಒಂದೇ ಸಲಕ್ಕೆ ಕೂರದ ಮಕ್ಕಳಿಗೆ ಎರಡು ದಿನ ಮಾಡಬಹುದು: ಓಕ್ ಬೀಜಗಳು ರಾತ್ರಿ ಮೊಳೆತು ಮುಗಿಲೆತ್ತರದ ಮರವಾಗಿ, ಬೆಳಿಗ್ಗೆ ಮರ ಮಾಯವಾದರೂ ಮಣ್ಣಲ್ಲಿ ಮೊಳಕೆ ಉಳಿದಿರುವ ಜಾಗ, ಸುಮಾರು ಒಂದು ಗಂಟೆಯ ಹೊತ್ತಿಗೆ, ನಿಲ್ಲಿಸಲು ಸರಿಯಾಗಿದೆ. ಅಪ್ಪ ಮಕ್ಕಳು ಒಂದೇ ತೊಟ್ಟಿಯಲ್ಲಿ ಸ್ನಾನ ಮಾಡುವ ದೃಶ್ಯವಿದೆ. ಜಪಾನಿನ ಮನೆಗಳಲ್ಲಿ ಅದು ದಿನದ ರೂಢಿ, ಮುಂದಕ್ಕೆ ಓಡಿಸುವ ಅಗತ್ಯವಿಲ್ಲ.

ಕೊರತೆ ಇಲ್ಲವೆಂದಲ್ಲ. ಕಾಣೆಯಾದ ಮಗುವನ್ನು ಹುಡುಕಲು ಹನ್ನೆರಡು ಕಾಲಿನ ಬೆಕ್ಕು-ಬಸ್ಸು ಬಂದು, ಹಣೆಯ ಬೋರ್ಡಿನಲ್ಲಿ ‘ಮೇ’ ಎಂದು ಬರೆದುಕೊಂಡು ನೇರ ಅಲ್ಲಿಗೇ ಓಡುವುದು ತೀರಾ ಸಲೀಸಾಯಿತು. ನಾಲ್ಕು ವರ್ಷದ ಮಗುವನ್ನು ಅಂಗಳಕ್ಕೆ ಬಿಟ್ಟು ಪುಸ್ತಕದಲ್ಲಿ ಮುಳುಗುವ ಅಪ್ಪನನ್ನು ಸಿನಿಮಾ ಒಂದು ಮಾತೂ ಕೇಳುವುದಿಲ್ಲ. ಮೇಯ ಕಿರುಚಾಟ ಕೆಲವರಿಗೆ ತಲೆನೋವು ತರಿಸೀತು. ಇನ್ನು ಟೊಟೊರೊ ಸಾವಿನ ದೇವರು, ಕೊನೆಯಲ್ಲಿ ಹುಡುಗಿಯರಿಗೆ ನೆರಳೇ ಇಲ್ಲ, ಅವರು ಸತ್ತಿದ್ದಾರೆ ಎನ್ನುವ ವಿಡಿಯೊಗಳು ಕಣ್ಣಿಗೆ ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟುಡಿಯೊ ಜಿಬ್ಲಿಯೇ 2007ರಲ್ಲಿ ಅದನ್ನು ಅಲ್ಲಗಳೆದಿದೆ.

ಕೊನೆಗೆ ಹೆಸರುಗಳು ಓಡಲು ಶುರುವಾದಾಗ ನೆಟ್‌ಫ್ಲಿಕ್ಸ್ ಮುಂದಿನ ಸಿನಿಮಾಗೆ ಹಾರಲು ನೋಡುತ್ತದೆ. ತಡೆದು ಪೂರ್ತಿ ನೋಡಿ. ಅಮ್ಮ ಮನೆಗೆ ಮರಳುವುದು ಇರುವುದು ಹೆಸರುಗಳ ಜೊತೆ ಬರುವ ಬಿಡಿ ಚಿತ್ರಗಳಲ್ಲಿ ಮಾತ್ರ. ಅದರಲ್ಲೊಂದರಲ್ಲಿ ಅಮ್ಮ ಹಾಸಿಗೆಯಲ್ಲಿ ಮೂರು ಆಡುಗಳ ಚಿತ್ರಪುಸ್ತಕ ಓದುತ್ತಿದ್ದಾಳೆ. ಅದರ ಸೇತುವೆಯ ಕೆಳಗಿನ ಟ್ರೋಲ್ ಎಂಬ ಭೂತದ ಹೆಸರೇ ಮೇಯ ಬಾಯಲ್ಲಿ ‘ಟೊಟೊರೊ’ ಆದದ್ದು. ಅಮ್ಮನ ಒಂದು ಪಕ್ಕದಲ್ಲಿ ಮೇ. ಇನ್ನೊಂದು ಪಕ್ಕದಲ್ಲಿ, ಡಬ್ಬಿಯ ಚಿಂತೆಯಿಲ್ಲದೆ, ಸತ್ಸುಕಿಯೂ ಮಲಗಿ ಕಥೆ ಕೇಳುತ್ತಿದ್ದಾಳೆ.